ಬಳಸು

ಫಾರಮ್ಮಿನ ಐದನೆಯ ಕಾಲಮ್ಮು: ಬಳಕೆ.
ಹಕ್ಕಿ ಈ ಜಾಗವನ್ನು ಬಳಸಿದ್ದು ಯಾತಕ್ಕೆ?
ತಿನ್ನಲಿಕ್ಕೆ, ಕೂರಲಿಕ್ಕೆ, ಗೂಡಿಗೆ,
ಸುಮ್ಮನೆ ಮೇಲಿಂದ ಹಾದುಹೋಗಲಿಕ್ಕೆ.
ಒಂದಕ್ಷರ ಬರೆದರೆ ಸಾಕು. ಹತ್ತು ನಿಮಿಷ. ಕೆಮ್ಮಕೂಡದು.

ವಾರವಿಡೀ ಮಲಾಂಡದಲ್ಲಿ ಹಾಲಿನ ಕೊಬ್ಬು ಅಳೆಯುವ ನಾನು
ಶನಿವಾರ ನಸುಕಿಗೆ ನೊರೀನ್ ಪಾಸ್ಕೋಳ ಬೇಲಿ ದಾಟುತ್ತೇನೆ.
ನೊರೀನಮ್ಮ ಅನ್ನುತ್ತೇನೆ. ಆ ‘ಅಮ್ಮ’ ಯಾಕೆಂದು
ಆಕೆ ಈವರೆಗೆ ಕೇಳಿಲ್ಲ.

ಹೊಲದಲ್ಲಿ ಎಣಿಕೆ ಸಲೀಸು.
ಕೊಯ್ದ ಮೆಕ್ಕೆಜೋಳದ ಕೂಳೆಯೊಳಗೆ ಸಾರಸ ನಲವತ್ತೊಂದು,
ಊಟಕ್ಕೆ ಕರೆಯುವುದು ತಡವಾದ ಬೀಗರ ಹಾಗೆ
ಅತ್ತಿಂದಿತ್ತ, ಇತ್ತಿಂದತ್ತ.
ಹಸುಗಳ ಮೂತಿಯ ಕೆಳಗೇ ಗೋವಕ್ಕಿ ಹದಿನೆಂಟು.
ನೀರಿನ ತೊಟ್ಟಿಯ ಹತ್ತಿರ ಮ್ಯಾಗ್‌ಪೈ ನಾಲ್ಕು, ಕಂಬಕ್ಕೊಂದರಂತೆ
ಕುಕಬರಾ ನಾಲ್ಕು.
ತಿ, ತಿ, ತಿ, ಕೂ.
ಹಾಳೆ ತುಂಬಿದಾಗ ಇನ್ನೂ ಮೂರು ನಿಮಿಷ ಬಾಕಿ.

ಕಾಡಿನೊಳಗೆ ಕಣ್ಣಿಗೆ ಬಿದ್ದದ್ದು
ಒಂದು ಬಾಲ, ಒಂದು ಅಲುಗಿದ ಎಲೆ.
ಎಲೆಯನ್ನು ಲೆಕ್ಕಕ್ಕೆ ಹಾಕಲೇ?
ಮಿಕ್ಕದ್ದೆಲ್ಲ ಕಿವಿಗೆ. ಬೆಕ್ಕೋ ಎಳೆಗೂಸೋ ಎಂಬಂತೆ ಒಂದು.
ಚಾಟಿ ಛಟೀರೆಂದದ್ದು ಗಂಡು, ಅದರ ಬಾಲಕ್ಕೆ
‘ಚೂ ಚೂ’ ಅಂದದ್ದು ಹೆಣ್ಣಂತೆ.
ಕೇಳಿದ್ದು ಒಂದೇ ಮಾತು, ಬರೆದದ್ದು ಎರಡು ಬಾಯಿ.
ಎಲ್ಲೋ ತುದಿಯಲ್ಲಿ ವೊಂಪೂ ಪಾರಿವಾಳ
ಕೊಡ ನೀರಿಗಿಳಿದ ಹಾಗೆ ಗುಳುಂಕು.

ದಾರಿಯ ಪಕ್ಕ ಗುಡಿಸಿದ ಒಂದು ಮಾರು ನೆಲ.
ಹಲ್ಲುಕೊಕ್ಕಿನ ಕುಂಜಹಕ್ಕಿ ಹಸಿ ಎಲೆ ಕೊಯ್ದು ತಂದು
ಒಂದೊಂದನ್ನೂ ಮಗುಚಿ ಹಾಸಿದೆ, ಬಿಳಿಚು ಬೆನ್ನು ಮೇಲಾಗಿ.
ನಾನು (ತಪ್ಪೇ, ಒಪ್ಪಿದೆ) ಒಂದನ್ನು ತಿರುವಿ ಹಸಿರು ಮೇಲೆ ಮಾಡಿ ಹೋದೆ.
ಮರಳಿ ಬರುವಷ್ಟರಲ್ಲಿ ಅದು ಮತ್ತೆ ಬೆಳ್ಳಗೆ.
ಇದು ಯಾವ ಬಳಕೆ?
ಇದಕ್ಕೆ ಅಕ್ಷರ ಕೊಟ್ಟಿಲ್ಲ. ಸೊನ್ನೆಯಲ್ಲದ
ಒಂದು ಸಣ್ಣ ಸುತ್ತು ಬರೆದು ಬಿಟ್ಟೆ.

ಹೊಲ ಅರವತ್ತೇಳು. ಕಾಡು ಒಂಬತ್ತು.
‘ಗೆದ್ದದ್ದು ನನ್ನ ಹುಲ್ಲೇ’ ಎಂದು ನೊರೀನಮ್ಮ ಟೀ ಸುರಿದಳು.
ಅರವತ್ತೇಳಕ್ಕೂ ಸೇರಿ ಹೆಸರು ನಾಲ್ಕೇ,
ಆ ಒಂಬತ್ತರಲ್ಲಿ ಎಂಟು ಹೆಸರು, ಅಂದೆ.
ಆಕೆ ಬಿಸ್ಕತ್ತನ್ನು ಅದ್ದಿ, ತೆಗೆಯಲು ಮರೆತು,
ಚಮಚದಿಂದ ಬಾಚಬೇಕಾಯಿತು.

ಆಗಲೇ ಕಂಡದ್ದು: ಹೊಲದ ನಡುವೆ ಒಂಟಿ ಅತ್ತಿ.
ಮಾವನ ಗರಗಸದ ಹಲ್ಲು ಮುರಿದು ಉಳಿದ ಮರವಂತೆ.
ಕಾಡಿನಂಚಿನಿಂದ ಅಲ್ಲಿಗೆ ನೆಟ್ಟಗೆ ಹಾರಿದರೆ ನಾಲ್ಕುಸಾರಿ ರೆಕ್ಕೆ ಬಡಿದಷ್ಟು ದೂರ.
ವೊಂಪೂ ಹಾಗೆ ಬರಲಿಲ್ಲ.
ಬಯಲಿಗೆ ಎದೆ ಕೊಡದೆ, ತೋಡಿನ ಗುಂಟ,
ಮರದಿಂದ ಮರಕ್ಕೆ, ಅರ್ಧ ಮೈಲಿ ಬಳಸಿಕೊಂಡು ಬಂತು.

ನಮ್ಮಲ್ಲಿ ಬಳಸು ಅಂದರೆ ಉಪಯೋಗಿಸು, ಹೇಳಿದೆ.
ಬಳಸು ಅಂದರೆ ಸುತ್ತಿಕೊಂಡು ಹೋಗು ಅಂತಲೂ.
ಇನ್ನು ತೋಳು ಬಳಸಿತು ಅಂದರೆ... ತೋರಿಸಿದೆ,
ಗಾಳಿಯನ್ನೇ ಅಪ್ಪಿ.
‘ಪಾಪ, ಅಷ್ಟು ಬರವೇ ನಿಮ್ಮಲ್ಲಿ ಮಾತಿಗೆ?’
ನಕ್ಕೆವು. ಫಾರಮ್ಮು ಮಡಿಚಿದೆ.

ಮುಂದಿನ ಶನಿವಾರ ಕರೆಂಟಿನ ಬೇಲಿ
ಅತ್ತಿಯನ್ನು ಬಳಸಿ ನಿಂತಿತ್ತು, ಬುಡದಿಂದ ಹತ್ತು ಹೆಜ್ಜೆ ಬಿಟ್ಟು.
ಒಳಗೆ ಹಿಕ್ಕೆಯಿಂದ ಎದ್ದ ಸಸಿಗಳು, ಬೆರಳುದ್ದ,
ನನಗೆ ಹೆಸರು ಗೊತ್ತಿಲ್ಲದವು.
ಯಾಕೆಂದು ಕೇಳಿದರೆ, ‘ಹಸು ಬೇರು ತುಳಿಯುತ್ತೆ, ಅಷ್ಟೆ.’

ಹೊರಗೆ ನೆರಳು ಕಳೆದುಕೊಂಡ ಕಪ್ಪು ಹಸುವೊಂದು
ತಂತಿಯನ್ನು ಮೂಸಿ, ಬೆಚ್ಚಿ, ಹಿಂದೆ ಸರಿದು,
ನನ್ನನ್ನೇ ನೋಡುತ್ತಿತ್ತು,
ಇದೆಲ್ಲ ನಿನ್ನದೇ ಕೆಲಸ ಎಂಬಂತೆ.