ತುಂಬಿದ ಮೇಲೆ

ದಿದುಬೆ ನಿಲ್ದಾಣದಲ್ಲಿ ಹೊರಡುವ ಹೊತ್ತು ಕೇಳಿದೆ.
ಸಿಗರೇಟನ್ನು ತುಟಿಯ ಈ ತುದಿಯಿಂದ ಆ ತುದಿಗೆ ಸರಿಸಿ
ತಮಾಜ್ ಅಂದ: ತುಂಬಿದ ಮೇಲೆ.

ರೈಲು ರಾತ್ರಿಗೆ. ಟ್ಯಾಕ್ಸಿಯವನು ಹೇಳಿದ ದರಕ್ಕೆ
ಕುದುರೆಯನ್ನೇ ಕೊಳ್ಳಬಹುದಿತ್ತು.
ವ್ಯಾನು ಹತ್ತಿದೆ, ಮೊಣಕಾಲು ಗದ್ದಕ್ಕೆ.

ಹದಿನೇಳು ಸೀಟು, ಹದಿನಾರು ಜನ,
ಒಂದು ವಾಷಿಂಗ್ ಮಷೀನು.
ಗಂಟೆ ಕಳೆಯಿತು.
ಆ ಖಾಲಿ ಸೀಟಿನ ದುಡ್ಡೂ ನನ್ನದೇ, ನಡಿ ಎಂದೆ.
ನೋಟು ನೋಡದೆ ನನ್ನನ್ನು ನೋಡಿದ:
ದುಡ್ಡು ಕೂತರೆ ಸೀಟು ತುಂಬುತ್ತದೆಯೇ?
ಎತೆರಿಯ ಸೊಸೆಗೆ ಹೆರಿಗೆ. ಬರ್ತೀನಿ ಅಂದಿದ್ದಾಳೆ.

ಬಂದಳು, ಏದುಸಿರು, ಕಂಕುಳಲ್ಲಿ ಹುಂಜ.
ಕೇಳದೆಯೇ ಅದನ್ನು ನನ್ನ ತೊಡೆಗಿಟ್ಟಳು.

ಬೆಟ್ಟದ ತಿರುವುಗಳುದ್ದಕ್ಕೂ
ಅಂಗೈಯೊಳಗೆ ಅದರ ಎದೆ ಡವಡವ.
ನಾನಿಳಿಯುವ ಊರು ದಾಟಿತು.
ಹುಂಜಕ್ಕೆ ಆಗಷ್ಟೇ ಜೊಂಪು ಹತ್ತಿತ್ತು,
ಸುಮ್ಮನಿದ್ದೆ.