ಜಿರಾಫೆ ನೀರು ಕುಡಿಯುವಾಗ

ಅಲ್ ಐನ್‌ಗೆ ಹೊರಟಾಗ ಇನ್ನೂ ಬೆಳಕಾಗಿರಲಿಲ್ಲ.
ಹಿಂದಿನ ಸೀಟಿನಲ್ಲಿ ಮಕ್ಕಳು, ಒಂದು ಡಬ್ಬಿ ನೀರುದೋಸೆ,
ಪಕ್ಕದ ಫ್ಲಾಟಿನವರ ಬೈನಾಕ್ಯುಲರು.
ಡೆನ್ಜಿಲ್‌ಗೆ ಆರು ತಿಂಗಳಲ್ಲಿ ಇಡಿಯಾಗಿ ಸಿಕ್ಕ ಮೊದಲ ಭಾನುವಾರ.

ಸಿಂಹ ಮಲಗಿತ್ತು. ಹೊಟ್ಟೆ ಮಾತ್ರ ಏಳುತ್ತ ಇಳಿಯುತ್ತ.
"ಸತ್ತಿದೆಯಾ?" ಕೇಳಿದ ಅರ್ವಿನ್.
"ನೈಟ್ ಶಿಫ್ಟು," ಅಂದರು ಇವರು, ಆಕಳಿಸಿ.
ಖಡ್ಗಮೃಗ ಧೂಳಲ್ಲಿ ಬೆನ್ನು ಹಾಕಿ ನಿಂತಿತ್ತು.
ಸೂಡಾನಿನ ಡ್ರೈವರು ಇಂಜಿನ್ ಆರಿಸಿ ಕಾದ;
ಅದು ಮುಖ ಕೊಡಲಿಲ್ಲ.

ಆಮೇಲೆ ಜಿರಾಫೆ.
ಕೊಳದಂಚಿಗೆ ಬಂದು, ಸುತ್ತ ನೋಡಿ,
ಮುಂಗಾಲೆರಡನ್ನೂ ಅಗಲಿಸಿತು. ಒಂದು ಗೇಣು,
ಇನ್ನೊಂದು ಗೇಣು, ಮರಳು ತಾಳುತ್ತದೋ ಎಂದು ಒತ್ತಿ ನೋಡುತ್ತ.
"ಜಾಕ್ ಹಾಕ್ತಿದೆ," ಅಂದರು ಇವರು.
ಯಾರಿಗೂ ಅಲ್ಲ.

ಕತ್ತು ಇಳಿಯತೊಡಗಿತು. ಅಷ್ಟುದ್ದದ ಕತ್ತು.
ಇವರ ಬಲಗೈ ತೊಡೆಯ ಮೇಲೆ
ಇಲ್ಲದ ಲಿವರೊಂದನ್ನು ಹಿಡಿದು
ಕೂದಲೆಳೆಯಷ್ಟು ಮುಂದಕ್ಕೆ,
ತಡೆದು, ಮತ್ತೆ ಕೂದಲೆಳೆಯಷ್ಟು.
ತುಟಿ ನೀರಿಗೆ ತಾಗುವವರೆಗೂ
ಉಸಿರು ಬಿಡಲಿಲ್ಲ.

ಹನ್ನೊಂದು ವರ್ಷ ನಾನು ತೊಳೆದದ್ದು
ಗ್ರೀಸು ಹತ್ತಿದ ತೋಳು, ಬೆನ್ನಿಗೆ ಬಿದ್ದ ಉಪ್ಪಿನ ಗೆರೆ.
ಕ್ರೇನೆಂದರೆ ಜೆಬೆಲ್ ಅಲಿಯ ಆಚೆ
ಮಬ್ಬಿನಲ್ಲೊಂದು ಹಳದಿ ಗೀಟು.
ಇಡೀ ದಿನ ಮೇಲೆ ಕೂತು ಏನು ಮಾಡುತ್ತೀರಿ ಎಂದರೆ
"ಎತ್ತೋದು, ಇಳಿಸೋದು." ಅಷ್ಟೇ.

"ಫೋಟೊ, ಫೋಟೊ!" ಮಕ್ಕಳು ಕೂಗಿದರು.
ಜಿರಾಫೆ ತಟ್ಟನೆ ತಲೆಯೆತ್ತಿತು.
"ಛೇ, ಹಾಗೆ ಎಳೀಬಾರದು,"
ಅನ್ನುತ್ತ ಇವರು ಅರ್ಧ ಎದ್ದೇಬಿಟ್ಟಿದ್ದರು.
ಗಲ್ಲದಿಂದ ನೀರು ಸುರಿಸುತ್ತ
ಅದು ಇವರನ್ನೇ ನೋಡುತ್ತಿತ್ತು.