ಮೇಜಿನ ಅಡಿ

ತಾರ್ತುವಿನಲ್ಲಿ ನವೆಂಬರ್. ಮೂರೂವರೆಗೇ ಕತ್ತಲು.
ಪ್ರೊಫೆಸರ್ ಕಾಸಿಕ್ ಮೇಜಿನ ಮೇಲೆ ಬೆರಳು ಕುಟ್ಟಿ ಕೇಳಿದರು:
"ಯಾರೂ ನೋಡದಾಗ ಇದು ಇರುತ್ತದೆಯೆ?"

ರೈನರ್ ಇಲ್ಲವೆಂದ. ಎಷ್ಟು ಚೆಂದ ಇಲ್ಲವೆಂದ!
ಅವನ 'ಇಲ್ಲ'ಕ್ಕೆ ಇಸ್ತ್ರಿ ಹಾಕಿದ ಹಾಗಿತ್ತು.
ಕೆರ್ತು ಉಂಟೆಂದಳು, ಪುಟಸಂಖ್ಯೆ ಸಮೇತ.
ನಾನು ಸುಮ್ಮನಿದ್ದೆ. ಮೊದಲ ವರ್ಷ,
'ಆದ್ದರಿಂದ' ಅನ್ನಲು ಇನ್ನೂ ನಾಲಗೆ ಏಳುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಅದೇ ಕೋಣೆಯ ಬೀಗ ತೆಗೆಯುತ್ತೇನೆ:
ಬಕೆಟ್ಟು, ನೀಲಿ ಕೈಗವಸು, ಗಂಟೆ ಲೆಕ್ಕದ ಕೂಲಿ.
ಮೇಜು ಬಿಟ್ಟಲ್ಲೇ ಇದೆ.
ಅವರ ಪ್ರಶ್ನೆಯೊಳಗಿನ ಆ 'ಯಾರೂ'
ನಾನೇ ಇರಬೇಕು.

ಮೊಣಕಾಲೂರಿ ಅದರ ಹೊಟ್ಟೆಯಡಿ ತೂರಿದೆ.
ಕಲ್ಲಾದ ಚೂಯಿಂಗ್ ಗಮ್ಮು, ಹದಿನೇಳು.
ಒಂದರ ಮೇಲೆ ಯಾವ ಕಾಲದ್ದೋ ಹೆಬ್ಬೆರಳ ಗೆರೆ.
ಒಂದು ಇನ್ನೂ ಮೆತ್ತಗೆ, ಪುದೀನ ವಾಸನೆ,
ರೈನರನದು.
ಇಲ್ಲದ ಮೇಜಿಗೆ ಎಷ್ಟು ಗಟ್ಟಿಯಾಗಿ ಒತ್ತಿದ್ದಾನೆ!

ನಕ್ಕೆ. ಕೆರೆದೆ, ಹದಿನಾರನ್ನು.
ಅದೊಂದರ ಹತ್ತಿರ ಕೈ ತಡೆಯಿತು.
ಇರಲಿ. ನಾಳೆ ಹತ್ತಕ್ಕೆ
ಮಾತು ಮತ್ತೆ ಇಲ್ಲಿಂದಲೇ ಶುರು.
ಕೈ ಎತ್ತುತ್ತೇನೋ ಏನೋ,
ಕೈಯಲ್ಲಂತೂ ಪುದೀನ ಹೋಗಿಲ್ಲ.